ಅಷ್ಟಮಿಯ ಕೊಟ್ಟೆ ಮತ್ತು ಕಲಿಯುವ ಜಾಹೀರಾತು

ಕಳೆದ ವಾರ ನನ್ನ ಮೊಬೈಲಿಗೆ ಒಂದು ಪ್ರಕಟಣೆ ತಲುಪಿತು. ಅದು ನನ್ನನ್ನು ಉದ್ದೇಶಿಸಿ ಬಂದದ್ದಲ್ಲ. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಬಹುಕಾಲ ವಾಸವಾಗಿದ್ದು, ನೆರೂಳಿನ ಮಗಳ ಮನೆಗೆ ಹೋಗಿ ಕಳೆದ ಚಳಿಗಾಲದಲ್ಲಿ ತೀರಿಕೊಂಡ ಒಬ್ಬ ಮಹಿಳೆಯ ಹೆಸರಿಗೆ ಬಂದದ್ದು. ಅವರ ಫೋನು ಈಗ ಮಗಳ ಬಳಿ ಇದೆ. ಆಕೆ ಅದನ್ನು ಓದಿ, ನನಗೆ ಕಳುಹಿಸಿ, ಕೆಳಗೆ ಒಂದು ಸಾಲು ಬರೆದಿದ್ದಳು.

ಮೊಬೈಲಿನ ಮಾರುಕಟ್ಟೆಯೊಂದರ ಆ ಪ್ರಕಟಣೆಯ ಸಾರಾಂಶ ಇಷ್ಟು. ಮಾರಾಟಗಾರರ ಅಭಿಪ್ರಾಯಗಳನ್ನು ಗೌರವಪೂರ್ವಕವಾಗಿ ಪರಿಗಣಿಸಿ, ಜಾಹೀರಾತು ಯಾವ ಊರುಗಳಲ್ಲಿ ಮತ್ತು ಯಾವ ದಿನಗಳಲ್ಲಿ ಕಾಣಿಸಬೇಕು ಎಂಬುದನ್ನು ಮಾರಾಟಗಾರರೇ ಆರಿಸಿಕೊಳ್ಳುವ ಹಿಂದಿನ ಸೌಲಭ್ಯವನ್ನು ಮತ್ತೆ ಒದಗಿಸಲಾಗುತ್ತಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ಈ ಮಾಹಿತಿ ನಿಮಗೆ ಉಪಯುಕ್ತವಾಯಿತೇ? ಅದರ ಕೆಳಗೆ ಎರಡು ಗುಂಡಿಗಳು, ಹೌದು ಮತ್ತು ಇಲ್ಲ.

ಮಗಳು ಬರೆದ ಸಾಲು: "ಅಂಕಲ್, ಕ್ಯಾ ದಬಾವೂಂ?"

ಯಾವುದನ್ನು ಒತ್ತಬೇಕು ಎಂಬ ಈ ಸಣ್ಣ ಪ್ರಶ್ನೆಗೆ ಉತ್ತರಿಸಲು ನನಗೆ ಆ ದಿನ ಸಾಧ್ಯವಾಗಲಿಲ್ಲ. ಉತ್ತರಿಸುವ ಮೊದಲು ಆಕೆಯ ತಾಯಿಯ ಬಗ್ಗೆ ಕೆಲವು ವಿಷಯಗಳನ್ನು ದಾಖಲಿಸುವುದು ಅಗತ್ಯವೆಂದು ತೋರಿತು. ನಾನು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಪತ್ರವ್ಯವಹಾರದ ವಿಭಾಗದಲ್ಲಿ ಕೆಲಸ ಮಾಡುವವನು. ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದ ಅನುಭವವಿಲ್ಲ. ಆದುದರಿಂದ ಕ್ರಮದಲ್ಲಿ ಹೆಚ್ಚುಕಡಿಮೆಯಾದರೆ ಓದುಗರು ಹೊಂದಿಸಿಕೊಳ್ಳಬೇಕಾಗಿ ವಿನಂತಿ.

ಅವರನ್ನು ಇಡೀ ಕಟ್ಟಡ ಅಕ್ಕ ಎಂದೇ ಕರೆಯುತ್ತಿತ್ತು. ಮರಾಠಿ ಮನೆಯವರೂ ಹಾಗೆಯೇ ಕರೆಯುತ್ತಿದ್ದರು. ಉಡುಪಿಯ ಕಡೆಯವರು. ಅವರ ಯಜಮಾನರು ಠಾಣೆ ನಗರದ ಒಂದು ಹೋಟೆಲಿನಲ್ಲಿ ಮೊದಲು ಸಪ್ಲೈಯರ್ ಆಗಿ, ಬಳಿಕ ಗಲ್ಲಾದಲ್ಲಿ ಕುಳಿತು, ಅಲ್ಲಿಯೇ ಆಯುಷ್ಯ ಕಳೆದವರು. ಯಜಮಾನರು ಹೋದ ಮೇಲೆ ಮಗಳು ನೆರೂಳಿಗೆ ಬಂದಿರುವಂತೆ ಒತ್ತಾಯಿಸುತ್ತಲೇ ಇದ್ದಳು. ಅಕ್ಕ ಒಪ್ಪಿರಲಿಲ್ಲ. "ಅಳಿಯನ ಮನೆಯ ಸೋಫಾದಲ್ಲಿ ನಾನು ಎಷ್ಟು ಹೊತ್ತು ಕೂತುಕೊಳ್ಳುವುದು ಮಾರಾಯ್ರೆ? ಬೆನ್ನು ನೋವಾಗ್ತದೆ," ಎನ್ನುತ್ತಿದ್ದರು. ಬೆನ್ನುನೋವು ನೆಪವೆಂಬುದು ಎಲ್ಲರಿಗೂ ಗೊತ್ತಿತ್ತು. ತಮ್ಮ ಕೋಣೆಯಲ್ಲಿ, ತಮ್ಮ ಸಂಪಾದನೆಯಲ್ಲಿ ಇರಬೇಕೆಂಬುದು ಅವರ ಹಟ. ಆ ಹಟ ನಡೆಯುತ್ತಿದ್ದುದು ಅಷ್ಟಮಿಯ ಕೊಟ್ಟೆಯ ಮೇಲೆ. ಅಷ್ಟಮಿಯೊಂದು ಸರಿಯಾಗಿ ನಡೆದರೆ ವರ್ಷದ ಬಾಡಿಗೆಯ ಚಿಂತೆ ಇರುತ್ತಿರಲಿಲ್ಲ. ಅದು ತಪ್ಪಿದರೆ ನೆರೂಳಿನ ಸೋಫಾವೇ ಗತಿ ಎಂದು ಅವರೇ ಹೇಳುತ್ತಿದ್ದರು.

ಕೊಟ್ಟೆ ಎಂದರೆ ಹಲಸಿನ ಎಲೆಗಳನ್ನು ಸೇರಿಸಿ, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಮಾಡಿದ ಲೋಟದಂಥ ಪಾತ್ರೆ. ಅದರೊಳಗೆ ಇಡ್ಲಿಯ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕಡುಬು. ಕರಾವಳಿಯ ಮನೆಗಳಿಗೆ ಅಷ್ಟಮಿಯಲ್ಲಿ ಅದು ಬೇಕೇ ಬೇಕು. ಊರಿನಲ್ಲಾದರೆ ಮರ ಹಿತ್ತಿಲಲ್ಲಿರುತ್ತದೆ. ಇಲ್ಲಿ ಎಲೆ ಊರಿನಿಂದ ರಾತ್ರಿ ಬಸ್ಸಿನಲ್ಲಿ, ಒದ್ದೆ ಗೋಣಿಯೊಳಗೆ ಬರಬೇಕು. ಬಂದ ಎಲೆ ಮೂರು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ನಾಲ್ಕನೆಯ ದಿನ ಅಂಚು ಸುರುಟಿ, ಹಿಟ್ಟು ಹೊಯ್ದರೆ ಸೋರುತ್ತದೆ.

ಎಲೆ ಬಂದ ಬೆಳಗ್ಗೆ ಅಕ್ಕ ಗೋಣಿಯನ್ನು ಟೆಂಪೋದಲ್ಲಿ ಕಳವಾಕ್ಕೆ ಒಯ್ಯುತ್ತಿದ್ದರು. ಅಲ್ಲಿ ವಿಜಯಪುರದ ಕಡೆಯ ಶಾಂತವ್ವ ಎಂಬಾಕೆ ಮತ್ತು ಆಕೆಯ ಓಣಿಯ ಹೆಂಗಸರು ಕುಳಿತು ಕೊಟ್ಟೆ ಕಟ್ಟುತ್ತಿದ್ದರು. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಶಾಂತವ್ವ ಕಡ್ಡಿ ಮುರಿಯುತ್ತ ಕೇಳಿದಳು:

"ಯಕ್ಕಾ, ಇಷ್ಟು ವರ್ಷ ಕಟ್ಟಿದೆ, ಖರೇ ಹೇಳ್ರಿ. ನಿಮ್ಮ ಮಂದಿ ಇಡ್ಲಿ ತಿಂತಾರೋ, ಎಲಿ ತಿಂತಾರೋ?"

"ವಾಸನೆ ತಿನ್ನುವುದು," ಎಂದರು ಅಕ್ಕ.

"ಹಂಗಾದ್ರ ನಮಗ ರೊಟ್ಟಿ ಸಾಕ್ರೀ ಯವ್ವಾ. ವಾಸನಿ ತಿಂದು ಹೊಟ್ಟಿ ತುಂಬಂಗಿಲ್ಲ."

"ನೀನು ತಿನ್ನಬೇಡ. ಕಡ್ಡಿ ಸರಿಯಾಗಿ ಚುಚ್ಚು, ಸಾಕು. ಕಳೆದ ಸಲ ನಿನ್ನ ಕೊಟ್ಟೆಯಿಂದ ಹಿಟ್ಟು ಸೋರಿ ಠಾಣೆಯ ಒಬ್ಬರು ನನಗೆ ಫೋಟೋ ಕಳಿಸಿದ್ದಾರೆ."

"ಅದು ನಂದಲ್ರೀ. ನಂದು ಸೋರಂಗಿಲ್ಲ. ಸೋರಿದ್ದು ನಿಮ್ಮ ಕೈಯಂದು."

ಅಕ್ಕ ನಕ್ಕರು. ಅದು ತಮ್ಮದೇ ಕೊಟ್ಟೆಯೆಂದು ದಾರಿಯಲ್ಲಿ ನನ್ನ ಬಳಿ ಒಪ್ಪಿಕೊಂಡರು.

ಈಗ ಜಾಹೀರಾತಿನ ವಿಷಯಕ್ಕೆ ಬರುತ್ತೇನೆ. ಮೊದಮೊದಲು ಅಕ್ಕ ದೇವಸ್ಥಾನದ ಬಾಗಿಲಿನಲ್ಲಿ, ಪರಿಚಯದ ಮನೆಗಳಲ್ಲಿ ಮಾರುತ್ತಿದ್ದರು. ಮೊಬೈಲಿನ ಮಾರುಕಟ್ಟೆಗೆ ಸೇರಿಸಿದವಳು ಮಗಳು. ಅಲ್ಲಿ ಸಾವಿರಾರು ವಸ್ತುಗಳ ನಡುವೆ ಕೊಟ್ಟೆ ಕಾಣಿಸಬೇಕಾದರೆ ಹಣ ಕೊಟ್ಟು ಜಾಹೀರಾತು ಹಾಕಬೇಕು. ಆಗ ಇದ್ದ ವ್ಯವಸ್ಥೆ ಅಕ್ಕನ ಮನಸ್ಸಿಗೆ ಬಹಳ ಒಪ್ಪಿತ್ತು. ಪಿನ್ ಕೋಡ್‌ಗಳನ್ನೂ ದಿನಗಳನ್ನೂ ನಾವೇ ಗುರುತು ಮಾಡಬಹುದಾಗಿತ್ತು. ಪಿನ್ ಕೋಡ್ ಆರಿಸುವಾಗ ಅಕ್ಕ ನಕಾಶೆ ನೋಡುತ್ತಿರಲಿಲ್ಲ. ಮಂಚದ ಮೇಲೆ ಕುಳಿತು, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರ ಹೋಟೆಲು ಎಲ್ಲಿದೆ ಎಂದು ನೆನಪಿಸಿಕೊಂಡು ಹೇಳುತ್ತಿದ್ದರು. ಕಲ್ಯಾಣದಲ್ಲಿ ಸ್ಟೇಷನ್ನಿನ ಈ ಕಡೆ ಮಾತ್ರ ಹಾಕಿ, ಆ ಕಡೆ ನಮ್ಮವರಿಲ್ಲ. ನೆರೂಳಿನಲ್ಲಿ ಹಾಕಿ, ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಂಬಳ ಬರುವ ಮನೆಗಳು, ಕೊಟ್ಟೆ ಕಟ್ಟಲು ಪುರುಸೊತ್ತಿಲ್ಲ. ಎಲೆ ಬಂದ ದಿನ ಆರಂಭಿಸಿ, ಅಷ್ಟಮಿಯ ಹಿಂದಿನ ಸಂಜೆ ನಿಲ್ಲಿಸಿ.

"ಊಟಕ್ಕೆ ಕೂತವರ ಎದುರು ಮಾತ್ರ ಎಲೆ ಹಾಕುವುದು," ಎಂದು ಅವರು ವಿವರಿಸುತ್ತಿದ್ದರು. "ದಾರಿಯಲ್ಲಿ ಹೋಗುವವರ ಎದುರೆಲ್ಲ ಹಾಕಿದರೆ ಎಂತಕ್ಕೆ?"

ಈ ಪ್ರಕಾರ ಕೆಲವು ವರ್ಷ ಸುಸೂತ್ರವಾಗಿ ನಡೆಯಿತು. ಕಳೆದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಮಾರುಕಟ್ಟೆಯವರು ಪೂರ್ವಸೂಚನೆಯಿಲ್ಲದೆ ಆ ವ್ಯವಸ್ಥೆಯನ್ನು ರದ್ದುಪಡಿಸಿದರು. ಊರಿನ ಆಯ್ಕೆ ಹೋಯಿತು, ದಿನದ ಆಯ್ಕೆಯೂ ಹೋಯಿತು. ಅದರ ಬದಲಿಗೆ ಒಂದೇ ಒಂದು ಹೊಸ ಜಾಹೀರಾತು ಬಂತು. ನಾವು ಹಣ ಇಟ್ಟರೆ ಸಾಕು. ಯಾರಿಗೆ, ಎಲ್ಲಿ, ಯಾವಾಗ ತೋರಿಸಬೇಕೆಂಬುದನ್ನು ಯಂತ್ರವೇ ತಾನಾಗಿ ಕಲಿತು ನಿರ್ಧರಿಸುತ್ತದೆ. ಕಲಿಯಲು ಅದಕ್ಕೆ ಸುಮಾರು ಎರಡು ವಾರ ಬೇಕು. ಆ ಅವಧಿಯಲ್ಲಿ ಅದನ್ನು ನಿಲ್ಲಿಸಬಾರದು, ತಿದ್ದಬಾರದು.

ನಾನು ಈ ನಿಯಮಗಳನ್ನು ಓದಿ ಹೇಳಿದೆ. ಅಕ್ಕ ಕೇಳಿದರು: "ಅದು ಕಲಿಯುವವರೆಗೆ ಎಲೆ ಕಾಯ್ತದಾ?"

ಆ ದಿನದಿಂದ ನಮ್ಮ ಪತ್ರವ್ಯವಹಾರ ಆರಂಭವಾಯಿತು. ನಾನು ಇಂಗ್ಲಿಷಿನಲ್ಲಿ ಪತ್ರ ಸಿದ್ಧಪಡಿಸುತ್ತಿದ್ದೆ. ವಿಷಯ, ಉಲ್ಲೇಖ, ವಿವರ, ವಿನಂತಿ ಎಲ್ಲವೂ ಕ್ರಮದಲ್ಲಿ. ಹಲಸಿನ ಎಲೆಯ ಆಯುಷ್ಯವನ್ನು ವಿವರಿಸಿದೆ. ಕರಾವಳಿಯ ಅನೇಕ ಮನೆಗಳ ಅಷ್ಟಮಿ ಸೌರಮಾನದ ಪ್ರಕಾರ ನಡೆಯುವುದರಿಂದ ಕೆಲವು ವರ್ಷ ಅದು ಮುಂಬಯಿಯ ಜನ್ಮಾಷ್ಟಮಿಯ ದಹಿಹಂಡಿಗಿಂತ ಒಂದು ತಿಂಗಳು ತಡವಾಗಿ ಬರುತ್ತದೆ, ಆ ವರ್ಷವೂ ಹಾಗೆಯೇ ಬಂದಿದೆ ಎಂಬುದನ್ನೂ ತಿಳಿಸಿದೆ. ಪತ್ರವನ್ನು ಮಾರುಕಟ್ಟೆಯ ಸಹಾಯ ವಿಭಾಗಕ್ಕೆ ಅಕ್ಕನ ಫೋನಿನಿಂದ ಕಳುಹಿಸುತ್ತಿದ್ದೆವು. ಒಂದೆರಡು ದಿನದಲ್ಲಿ ಅಲ್ಲಿಂದ ಯಾರಾದರೂ ಕರೆ ಮಾಡುತ್ತಿದ್ದರು.

ಮೊದಲ ಕರೆ ಬಂದಾಗ ನಾನು ಅಲ್ಲಿಯೇ ಇದ್ದೆ. ಒಬ್ಬ ಹುಡುಗಿಯ ಧ್ವನಿ. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತನಾಡುತ್ತಿದ್ದಳು. ಎರಡು ವಾರ ಮೊದಲೇ ಜಾಹೀರಾತು ಆರಂಭಿಸಬೇಕೆಂದು ಸಲಹೆ ನೀಡಿದಳು.

"ಎರಡು ವಾರ ಮೊದಲು ಎಲೆ ಮರದಲ್ಲಿ ಇರ್ತದೆ ಮಗಾ," ಎಂದು ಅಕ್ಕ ಕನ್ನಡದಲ್ಲಿ ಹೇಳಿ, ತಲೆ ಕೊಡವಿ, ಅದನ್ನೇ ಹಿಂದಿಯಲ್ಲಿ ಹೇಳಿದರು. "ಪತ್ತಾ ಝಾಡ್ ಪೇ ಹೈ ಬೇಟಾ."

"ಲೇಕಿನ್ ಮ್ಯಾಮ್, ಜನ್ಮಾಷ್ಟಮಿ ತೋ ಹೋ ಗಯೀ," ಎಂದಳು ಆಕೆ.

ಹಬ್ಬ ಮುಗಿದೇ ಹೋಯಿತೆಂದು ಆಕೆ ತಿಳಿದಿದ್ದಳು. ಅಕ್ಕ ಆಕೆಗೆ ಸೌರಮಾನ, ಚಾಂದ್ರಮಾನಗಳ ಪಾಠ ಆರಂಭಿಸಿದರು. ಆಕೆ ತಾಳ್ಮೆಯಿಂದ ಕೇಳಿದಳು. ತನ್ನ ಕೈಯಲ್ಲಿ ಏನೂ ಇಲ್ಲವೆಂದೂ, ಮೇಲಿನವರಿಗೆ ತಿಳಿಸುವುದಾಗಿಯೂ ಹೇಳಿದಳು. ಕರೆ ಮುಗಿದ ಮೇಲೆ ನಾನು ಮನೆಗೆ ಇಳಿದು ಬಂದೆ. ಅಕ್ಕ ಬಳಿಕ ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಅದು ತಿಳಿದದ್ದು ಬಹಳ ತಡವಾಗಿ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಒಮ್ಮೆ ಅಕ್ಕ, ಅವರ ಮಗಳು, ನಮ್ಮ ಮನೆಯವರು ಎಲ್ಲರೂ ಠಾಣೆಯಲ್ಲಿ ಮದುವೆ ಮುಗಿಸಿ ಬರುವಾಗ ಒಂದು ಹೋಟೆಲಿಗೆ ಹೋಗಿದ್ದೆವು. ಅಕ್ಕನಿಗೆ ಬಂದ ಗೋಳಿಬಜೆ ಒಳಗೆ ಹಸಿಯಾಗಿತ್ತು. ಮಗಳು ವೇಟರನ್ನು ಕರೆಯಹೊರಟಳು. ಅಕ್ಕ ಆಕೆಯ ಕೈ ಹಿಡಿದು ಕೂರಿಸಿ, ಹಸಿ ಬಜೆಯನ್ನು ಚಟ್ನಿಯಲ್ಲಿ ಮುಳುಗಿಸಿ ನುಂಗಿದರು.

"ಮಮ್ಮಿ, ಪೈಸಾ ದೇತೇ ಹೈ ಹಮ್," ಎಂದು ಮಗಳು ರೇಗಿದಳು. ಹಣ ಕೊಟ್ಟು ತಿನ್ನುವವರು ಏಕೆ ಸಹಿಸಬೇಕು ಎಂಬುದು ಅವಳ ವಾದ.

"ಕಂಪ್ಲೇಂಟ್ ಕೊಟ್ಟರೆ ಸಂಬಳ ಕಟ್ ಆಗುವುದು ಅಡಿಗೆಯವನದ್ದಲ್ಲ, ಧಣಿಯದ್ದಲ್ಲ. ತಂದುಕೊಟ್ಟವನದ್ದು. ನಿನ್ನ ಪಪ್ಪನಿಗೆ ಎಷ್ಟು ಸಲ ಆಗಿದೆ ಗೊತ್ತುಂಟಾ?"

ಹೋಗುವಾಗ ವೇಟರ್ ಊಟ ಹೇಗಿತ್ತೆಂದು ಕೇಳಿದ. ಲಾಯ್ಕುಂಟು, ಅಂದರೆ ಚೆನ್ನಾಗಿದೆ, ಎಂದು ಹೇಳಿ ಅಕ್ಕ ಎದ್ದರು. ಆ ದಿನ ನಾವೆಲ್ಲ ನಕ್ಕಿದ್ದೆವು.

ಅಷ್ಟಮಿ ಹತ್ತಿರ ಬಂದಿತು. ಬೇರೆ ದಾರಿಯಿಲ್ಲದೆ ಅಕ್ಕ ಹೊಸ ಜಾಹೀರಾತನ್ನೇ ಹಾಕಿಸಿದರು. ಎಲೆ ಬಸ್ಸಿನಿಂದ ಇಳಿಯಿತು, ಕಳವಾದಲ್ಲಿ ಕಟ್ಟುವ ಕೆಲಸ ಆರಂಭವಾಯಿತು, ಫೋನು ಗುಂಯ್‌ಗುಡಲಾರಂಭಿಸಿತು. ಆರ್ಡರುಗಳು ಬರುತ್ತಿದ್ದವು. ಅಕ್ಕನ ಮುಖ ಅರಳಿತು. ನಾನು ವಿಳಾಸಗಳನ್ನು ಓದಲಾರಂಭಿಸಿದೆ. ನಾಗಪುರ. ಜೈಪುರ. ಲಖನೌ. ಮತ್ತೆ ಜೈಪುರ. ಪಾರ್ಟಿಗಳಲ್ಲಿ ಚಾಟ್ ಹಾಕಿಕೊಡುವ ಎಲೆಯ ದೊನ್ನೆ ಹುಡುಕುವವರಿಗೆ ಯಂತ್ರವು ನಮ್ಮ ಕೊಟ್ಟೆಯನ್ನು ತೋರಿಸುತ್ತಿತ್ತು.

"ಡೊಂಬಿವಲಿಯದ್ದು ಎಷ್ಟು?" ಎಂದು ಅಕ್ಕ ಕೇಳಿದರು.

"ಇನ್ನೂ ಬಂದಿಲ್ಲ."

"ಠಾಣೆ? ನೆರೂಳು?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಜೈಪುರಕ್ಕೆ ಕಳುಹಿಸಿದರೆ ತಲುಪುವಷ್ಟರಲ್ಲಿ ಎಲೆ ಒಣಗಿ ಕಡ್ಡಿಯಾಗಿರುತ್ತದೆ. ಮಗಳು ಫೋನಿನಲ್ಲಿ ಹೇಳಿದಳು, "ಭೇಜ್ ದೋ ಮಮ್ಮಿ, ಪೈಸಾ ತೋ ಆ ಗಯಾ." ಕಳುಹಿಸಿಬಿಡು, ಹಣ ಬಂದಾಯಿತಲ್ಲ ಎಂದು. ಅಕ್ಕ ಒಪ್ಪಲಿಲ್ಲ. "ಒಣಗಿದ ಎಲೆ ಕಳಿಸಲಿಕ್ಕುಂಟಾ? ತಂದುಕೊಡುವ ಹುಡುಗನಿಗೆ ಅವರು ಬಯ್ಯುವುದಿಲ್ಲವಾ?" ದೂರದ ಆರ್ಡರುಗಳನ್ನೆಲ್ಲ ಒಂದೊಂದಾಗಿ ರದ್ದು ಮಾಡಿಸಿದರು.

ಮಾರಾಟಗಾರರು ಆರ್ಡರು ರದ್ದು ಮಾಡಿದಷ್ಟೂ ಅವರ ಅಂಕ ಇಳಿಯುತ್ತದೆ ಎಂಬುದು ಮಾರುಕಟ್ಟೆಯ ನಿಯಮ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಅಂಕ ನೆಲಕ್ಕೆ ಬಿದ್ದು, ಕೊಟ್ಟೆಯನ್ನು ಹುಡುಕಾಟದ ಪಟ್ಟಿಯಿಂದಲೇ ತೆಗೆದುಹಾಕಲಾಯಿತು. ಊರಿಗೆಲ್ಲ ತೋರಿಸಿದ ವಸ್ತು, ಬೇಕಾದವರಿಗೆ ಬೇಕಾದ ದಿನ ಕಾಣಿಸದೆ ಹೋಯಿತು. ಜಾಹೀರಾತಿನ ಹಣ ಮಾತ್ರ ಹೋಗುತ್ತಲೇ ಇತ್ತು. ಕಲಿಕೆಯ ಅವಧಿಯಲ್ಲಿ ನಿಲ್ಲಿಸಬಾರದಲ್ಲ.

ನಾನು ಕಚೇರಿಗೆ ರಜೆ ಹಾಕಿ, ತುರ್ತು ಪತ್ರ ಬರೆಯಲು ಕುಳಿತೆ. ಹಿಂದಿನ ಪತ್ರಗಳ ಉಲ್ಲೇಖ ಸಂಖ್ಯೆ ಬೇಕಾಗಿ ಅಕ್ಕನ ಫೋನಿನಲ್ಲಿ ನಮ್ಮ ದೂರುಗಳ ವಿಭಾಗವನ್ನು ಮೊದಲ ಬಾರಿಗೆ ತೆರೆದೆ. ಒಂದೊಂದರ ಮುಂದೆಯೂ ಹಸಿರು ಅಕ್ಷರಗಳಲ್ಲಿ ಒಂದೇ ಮಾತಿತ್ತು. ಸಮಸ್ಯೆ ಪರಿಹಾರವಾಗಿದೆ. ಮಾರಾಟಗಾರರು ತೃಪ್ತರಾಗಿದ್ದಾರೆ.

"ಇದೇನಕ್ಕ?" ಎಂದು ಕೇಳಿದೆ.

ಅಕ್ಕ ಕನ್ನಡಕ ಏರಿಸಿ ನೋಡಿದರು. "ಅದಾ? ಫೋನ್ ಇಟ್ಟ ಮೇಲೆ ಒಂದು ಬರ್ತದೆ. ಸಮಸ್ಯೆ ಸರಿಯಾಯ್ತಾ, ಹೌದಾ ಅಲ್ಲವಾ ಅಂತ. ನಾನು ಹೌದು ಒತ್ತುವುದು."

"ಪ್ರತಿ ಸಲವೂ?"

"ಮತ್ತೆ? ಅಲ್ಲ ಅಂತ ಒತ್ತಿದರೆ ಆ ಹುಡುಗಿಗೆ ಮಾರ್ಕ್ ಕಟ್ ಆಗುವುದಿಲ್ಲವಾ? ಪಾಪ, ಎಷ್ಟು ಚಂದ ಮಾತಾಡ್ತಾಳೆ."

ನನ್ನ ಧ್ವನಿ ಏರಿತು. "ಅಕ್ಕ, ನೀವು ಹೌದು ಒತ್ತಿದ ಕೂಡಲೇ ದೂರು ಮುಚ್ಚಿಹೋಗುತ್ತದೆ. ನಾನು ಬರೆದದ್ದನ್ನು ಮೇಲಿನವರು ಯಾರೂ ಓದಿಲ್ಲ. ನಮಗೆ ತೃಪ್ತಿಯಾಗಿದೆ ಎಂದು ನಾವೇ ಬರೆದುಕೊಟ್ಟಂತಾಯಿತು."

"ನೀವು ಬಯ್ದದ್ದು ಕಂಪೆನಿಗೆ ಅಲ್ಲವಾ?"

"ಹೌದು."

"ಹಾಗಾದರೆ ಒದೆ ಆ ಹುಡುಗಿಗೆ ಯಾಕೆ ಬೀಳಬೇಕು?"

"ಇಲ್ಲ ಎಂದು ಒತ್ತಲು ಅವರೇ ಜಾಗ ಕೊಟ್ಟಿದ್ದಾರಲ್ಲ ಅಕ್ಕ."

"ಹೋಟೆಲಿನಲ್ಲಿ ಕಂಪ್ಲೇಂಟ್ ಬುಕ್ಕು ಇಡುವುದಿಲ್ಲವಾ? ಧಣಿ ಅದನ್ನು ಇಟ್ಟದ್ದು ತನಗೇ ಬಯ್ಯಲಿಕ್ಕಾ?"

ನನ್ನ ಕೋಪವೇನೂ ಕಡಿಮೆಯಾಗಲಿಲ್ಲ. ಅಕ್ಕನೂ ಸೋಲಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ತಾನೂ ಕುರುಡಾಗಿ ಒತ್ತುವವಳಲ್ಲ ಎಂದು ಸಮಜಾಯಿಷಿ ಕೊಟ್ಟರು. ಕರೆ ಬಂದಾಗ ಮೊದಲು ವಿಚಾರಿಸುತ್ತಾರಂತೆ, ಆ ಕಡೆ ಮನುಷ್ಯರಾ, ಮಿಷನ್ನಾ ಎಂದು. ಮನುಷ್ಯರಾದರೆ ಹೌದು. ಮಿಷನ್ ಆದರೆ ಇಲ್ಲ ಎಂದೇ ಒತ್ತುವುದಂತೆ. "ಮಿಷನ್ನಿಗೆ ಹೆಂಡತಿ ಮಕ್ಕಳು ಇಲ್ಲವಲ್ಲ. ಆದರೆ ನಿಮ್ಮ ಪತ್ರ ಓದಿದರೆ ಯಾವಾಗಲೂ ಮನುಷ್ಯರೇ ಫೋನ್ ಮಾಡ್ತಾರೆ ಮಾರಾಯ್ರೆ. ಅಷ್ಟು ಚಂದ ಬರೀತೀರಿ ನೀವು."

ಇದು ಹೊಗಳಿಕೆಯೋ ಹಾಸ್ಯವೋ ನನಗೆ ಇಂದಿಗೂ ತಿಳಿದಿಲ್ಲ.

ಸಂಜೆ ಕೊಟ್ಟೆಗಳನ್ನು ಎರಡು ದೊಡ್ಡ ಚೀಲಗಳಲ್ಲಿ ತುಂಬಿ, ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಬದಿಯಲ್ಲಿ, ಹೂವಿನವರ ಪಕ್ಕ ನಿಂತೆವು. ಮಳೆ ಹನಿಯುತ್ತಿತ್ತು. ಲೋಕಲ್ ಬಂದಾಗೊಮ್ಮೆ ಜನ ನುಗ್ಗಿ ಬಂದು, ಚೀಲದೊಳಗೆ ಏನಿದೆಯೆಂದು ನೋಡದೆ ಹೋಗುತ್ತಿದ್ದರು. ಕೆಲವರು ಕೊಂಡರು. ಹೆಚ್ಚಿನವರು ಇದೇನೆಂದು ಕೇಳಿ ಮುಂದೆ ಹೋದರು. ಕತ್ತಲಾಗುವ ಹೊತ್ತಿಗೆ ಕಚೇರಿಯ ಬ್ಯಾಗು ಹೊತ್ತ ಒಬ್ಬ ಯುವತಿ ನಿಂತಳು.

"ಅಯ್ಯೋ, ಕೊಟ್ಟೆ! ಆಂಟಿ, ಹೋದ ವರ್ಷ ನಿಮ್ಮದೇ ತಗೊಂಡಿದ್ದೆ ಅಲ್ವಾ, ಆ್ಯಪ್‌ನಲ್ಲಿ? ಈ ಸಲ ಎರಡು ದಿವಸದಿಂದ ಹುಡುಕ್ತಾ ಇದ್ದೇನೆ, ಸಿಗಲೇ ಇಲ್ಲ. ಅತ್ತೆ ಸ್ಟೀಲ್ ಲೋಟದಲ್ಲೇ ಮಾಡುವ ಅಂತ ಹೇಳಿದ್ರು."

"ನಿಮ್ಮ ಮನೆ ಎಲ್ಲಿ ಮಗಾ?"

ಆಕೆ ಹೇಳಿದ ಕಟ್ಟಡ ನಮ್ಮ ಗಲ್ಲಿಯ ಎದುರಿನದು. ಅಕ್ಕನ ಅಡುಗೆಮನೆಯ ಕಿಟಕಿಯಿಂದ ಅದರ ಮೆಟ್ಟಿಲು ಕಾಣುತ್ತದೆ.

ಅಕ್ಕ ಆಕೆಗೆ ಕೊಟ್ಟೆಗಳನ್ನು ಆರಿಸಿ ಕೊಟ್ಟರು. ಹಣ ತೆಗೆದುಕೊಂಡರೋ ಇಲ್ಲವೋ ನಾನು ನೋಡಲಿಲ್ಲ. ಆಕೆ ಹೋದ ಮೇಲೆ ಚೀಲದ ಬಾಯಿ ಕಟ್ಟಿ, "ಸಾಕು, ಹೋಗುವ," ಎಂದರು.

ಅಷ್ಟಮಿ ಕಳೆಯಿತು. ಉಳಿದ ಕೊಟ್ಟೆಗಳು ಬಾಲ್ಕನಿಯಲ್ಲಿ ಸುರುಟಿಕೊಂಡು ಬಿದ್ದಿದ್ದವು. ಅಕ್ಕ ಕುಳಿತು, ಒಂದೊಂದರಿಂದಲೂ ಕಡ್ಡಿಗಳನ್ನು ಕಿತ್ತು ಬೇರೆ ಇಡುತ್ತಿದ್ದರು. ಎಲೆ ಶಾಂತವ್ವನ ಓಣಿಯ ಆಡುಗಳಿಗೆ ಹೋಗುವುದಿತ್ತು. ನಾನು ಅಲ್ಲಿದ್ದಾಗಲೇ ಫೋನಿಗೆ ಸಂದೇಶವೊಂದು ಬಂದಿತು. ಅವರು ಓದಲು ನನ್ನ ಕೈಗೆ ಕೊಟ್ಟರು. ಅಭಿನಂದನೆಗಳು, ನಿಮ್ಮ ಜಾಹೀರಾತು ಕಲಿಕೆಯ ಹಂತವನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದೆ.

"ಕಲಿತಿತಾ?" ಎಂದರು ಅಕ್ಕ.

"ಕಲಿತಿತಂತೆ."

"ಒಳ್ಳೆಯದಾಯಿತು. ಇನ್ನು ನನ್ನನ್ನು ನೆರೂಳಿಗೆ ಬಿಟ್ಟು ಬನ್ನಿ."

ಅದು ಮಾತಿಗೆ ಹೇಳಿದ್ದೆಂದು ನಾನು ಭಾವಿಸಿದ್ದೆ. ದೀಪಾವಳಿಯ ಮೊದಲು ಅವರು ಕೋಣೆ ಖಾಲಿ ಮಾಡಿದರು. ನೆರೂಳಿಗೆ ನಾನು ಒಮ್ಮೆ ಮಾತ್ರ ಹೋಗಿದ್ದೆ. ಅಕ್ಕ ಸೋಫಾದಲ್ಲಿ ಕುಳಿತಿರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಕಿಕೊಂಡು ಕುಳಿತಿದ್ದರು. ಕೆಲಸವಿಲ್ಲದ ಕೈಗಳು ಮಡಿಲಲ್ಲಿದ್ದವು. ಆ ಕೈಗಳನ್ನು ಹಾಗೆ ನಾನು ಅದಕ್ಕೆ ಮೊದಲು ನೋಡಿದವನಲ್ಲ. ಚಳಿಗಾಲದಲ್ಲಿ ಜ್ವರ ಬಂದು, ಆಸ್ಪತ್ರೆಯಲ್ಲಿ ಕೆಲವೇ ದಿನ ಇದ್ದು ತೀರಿಕೊಂಡರು. ಆಸ್ಪತ್ರೆಯಲ್ಲಿಯೂ ನರ್ಸಮ್ಮ ಹೇಗಿದೆ ಎಂದು ಕೇಳಿದರೆ ಲಾಯ್ಕುಂಟು ಎಂದೇ ಹೇಳುತ್ತಿದ್ದರೆಂದು ಮಗಳು ತಿಳಿಸಿದಳು. ಅದನ್ನು ಹೇಳುವಾಗ ಆಕೆಯ ಧ್ವನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಆ ಸಿಟ್ಟು ನನಗೂ ಇದೆ.

ಈಗ ಮಾರಾಟಗಾರರ ಅಭಿಪ್ರಾಯಗಳನ್ನು ಪರಿಗಣಿಸಿ ಹಳೆಯ ವ್ಯವಸ್ಥೆಯನ್ನು ಮರಳಿ ತಂದಿದ್ದಾರೆ. ಯಾವ ಮಾರಾಟಗಾರರ ಅಭಿಪ್ರಾಯವೋ ನಾನರಿಯೆ. ಅಕ್ಕನದಂತೂ ಅಲ್ಲ. ಅವರ ದಾಖಲೆಯಲ್ಲಿ ಅವರು ಪ್ರತಿ ಸಲವೂ ತೃಪ್ತರಾಗಿದ್ದಾರೆ. ಮೇಲಿನ ಮಹಡಿಯ ಆ ಕೋಣೆಗೆ ಬೇರೆಯವರು ಬಂದಿದ್ದಾರೆ. ಈ ವರ್ಷ ನಮ್ಮ ಮನೆಯ ಅಷ್ಟಮಿಗೆ ಸ್ಟೀಲ್ ಲೋಟಗಳನ್ನು ಕೊಂಡು ತರಲಾಗಿದೆ.

ಇಷ್ಟನ್ನು ಬರೆದ ಮೇಲೆ ನಿನ್ನೆ ಸಂಜೆ ಮಗಳಿಗೆ ಕರೆ ಮಾಡಿದೆ. ಎರಡು ಗುಂಡಿಗಳೂ ಇನ್ನೂ ಹಾಗೆಯೇ ಇವೆ ಎಂದಳು.

"ಮೊದಲು ಒಂದು ವಿಷಯ ನೋಡು," ಎಂದೆ. "ಆ ಪ್ರಕಟಣೆಯ ಕೆಳಗೆ ಯಾರದಾದರೂ ಹೆಸರಿದೆಯಾ? ಫೋನ್ ನಂಬರ್? ಆ ಕಡೆ ಮನುಷ್ಯರಿದ್ದಾರಾ?"

ಆಕೆ ಬಹಳ ಹೊತ್ತು ಹುಡುಕಿದಳು. ಬಳಿಕ, ಚಿಕ್ಕಂದಿನಿಂದ ನನ್ನೊಡನೆ ಎಂದೂ ಕನ್ನಡದಲ್ಲಿ ಉತ್ತರಿಸದ ಹುಡುಗಿ, ತಾಯಿಯ ಧಾಟಿಯಲ್ಲಿಯೇ ಹೇಳಿದಳು:

"ಯಾರೂ ಇಲ್ಲ ಅಂಕಲ್. ಮಿಷನ್."

"ಹಾಗಾದರೆ ಇಲ್ಲ ಎಂದು ಒತ್ತು," ಎಂದೆ.